ಖಾಲಿ ತೋಟಾದ ತಳದಲ್ಲಿರುವ ಇತಿಹಾಸ

ಮೈಸೂರಿನ ಉದಯಗಿರಿಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಎನ್.ಸಿ.ಸಿ. ಸೇರಿದ್ದಾನೆ. ವಾರ್ಷಿಕ ಶಿಬಿರ ಮುಗಿಸಿ ಬಂದವನು ಒಂದು ಸಂಜೆ ಕೇಳಿದ: "ಸರ್, ನಮಗೆಲ್ಲ ಐದೈದು ಗುಂಡು ಹಾರಿಸಲು ಕೊಟ್ಟರು. ಹಾರಿಸಿ ಆದಮೇಲೆ ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾಗಳನ್ನೆಲ್ಲ ಹೆಕ್ಕಿಸಿ ಎಣಿಸಿಕೊಂಡರು. ಒಂದು ಕಡಿಮೆ ಬಂತೆಂದು ಅರ್ಧ ಗಂಟೆ ಹುಡುಕಿಸಿದರು. ಖಾಲಿಯಾದದ್ದಕ್ಕೆ ಅಷ್ಟೇಕೆ ಲೆಕ್ಕ? ಮತ್ತೆ ಮದ್ದು ತುಂಬುತ್ತಾರಾ?"

ಪ್ರಶ್ನೆ ಚಿಕ್ಕದು. ಉತ್ತರ ಹೇಳಹೊರಟರೆ ಎರಡು ಶತಮಾನಗಳ ರಸಾಯನವಿಜ್ಞಾನ, ಲೋಹವಿಜ್ಞಾನ, ಜೊತೆಗೆ ಒಂದಿಷ್ಟು ರಾಜಕೀಯ ಎಲ್ಲವೂ ಎಳೆದುಕೊಂಡು ಬರುತ್ತವೆ. ಅಂದು ಅವನಿಗೆ ಅರ್ಧ ಉತ್ತರ ಮಾತ್ರ ಕೊಟ್ಟೆ. ಉಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ತರಗತಿಯಲ್ಲಿ ಇಂಥದೇ ಪ್ರಶ್ನೆ ನಿಮಗೂ ಎದುರಾಗಬಹುದು.

ಮೊದಲು ತೋಟಾ ಎಂದರೇನು ನೋಡೋಣ. ಕೊಡಗು, ಮಲೆನಾಡಿನವರು ತೋಟಾ ಎನ್ನುವುದನ್ನು ಪತ್ರಿಕೆಗಳು ಕಾಡತೂಸು ಎಂದು ಬರೆಯುತ್ತವೆ. ಅದರಲ್ಲಿ ನಾಲ್ಕು ಭಾಗಗಳಿವೆ. ಮುಂದೆ ಸೀಸದ ಗುಂಡು. ಹಿಂದೆ ಹಿತ್ತಾಳೆಯ ಕವಚ. ಕವಚದೊಳಗೆ ಮದ್ದು. ತಳದಲ್ಲಿ, ಪೆಟ್ಟು ಬಿದ್ದರೆ ಕಿಡಿ ಕಾರುವ ಒಂದು ಚಿಟಿಕೆ ಆಸ್ಫೋಟಕ. ಈ ನಾಲ್ಕನೆಯದಕ್ಕೆ ಪ್ರೈಮರ್ ಎಂದು ಹೆಸರು. ಹಳ್ಳಿಯ ಕೋವಿಕಾರರು ಅದನ್ನು ಕೇಪು ಎನ್ನುತ್ತಾರೆ. ಗುಂಡು ಹಾರಿದ ಮೇಲೆ ಗುಂಡು ಹೋಯಿತು, ಮದ್ದು ಹೋಯಿತು, ಕೇಪು ಸತ್ತಿತು. ಉಳಿದದ್ದು ಕವಚ ಒಂದೇ. ತೋಟಾ ತಯಾರಿಕೆಯಲ್ಲಿ ಹೆಚ್ಚು ಕೆಲಸ ಬೇಡುವ ಭಾಗವೂ ಅದೇ. ಆದ್ದರಿಂದ ಮತ್ತೆ ಬಳಸುವ ಆಸೆ ಹುಟ್ಟುವುದು ಸಹಜ.

ಎನ್.ಸಿ.ಸಿ. ಹುಡುಗರು ಹಾರಿಸುವ .22 ರೈಫಲ್ಲಿನ ತೋಟಾಕ್ಕೆ ಈ ಆಸೆ ಫಲಿಸುವುದಿಲ್ಲ. ಅದಕ್ಕೆ ಬೇರೆ ಕೇಪು ಎಂಬುದೇ ಇಲ್ಲ. ತಳದ ಅಂಚು ತಟ್ಟೆಯ ಅಂಚಿನಂತೆ ಹೊರಚಾಚಿದ್ದು ಒಳಗೆ ಟೊಳ್ಳಾಗಿರುತ್ತದೆ. ಆಸ್ಫೋಟಕವನ್ನು ಆ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತಾರೆ. ಬಂದೂಕಿನ ಪಿನ್ನು ಅಂಚನ್ನು ಜಜ್ಜಿದಾಗ ಅದು ಸಿಡಿಯುತ್ತದೆ. ಒಮ್ಮೆ ಜಜ್ಜಿದ ಅಂಚು ಜಜ್ಜಿದ್ದೇ. ಇಷ್ಟನ್ನೇ ಅಂದು ನಾನು ಆ ಹುಡುಗನಿಗೆ ಹೇಳಿದ್ದು.

ಸೈನ್ಯದ, ಪೊಲೀಸರ ದೊಡ್ಡ ರೈಫಲ್ಲುಗಳ ತೋಟಾ ಹಾಗಲ್ಲ. ಅದರ ತಳದ ನಡುವೆ ಒಂದು ಪುಟ್ಟ ಗೂಡು. ಅಂಗಿಯ ಗುಂಡಿಗಿಂತ ಚಿಕ್ಕದಾದ ಲೋಹದ ಬಟ್ಟಲೊಂದನ್ನು ಅದರೊಳಗೆ ಒತ್ತಿ ಕೂರಿಸಿರುತ್ತಾರೆ. ಸತ್ತ ಬಟ್ಟಲನ್ನು ತೆಗೆದು ಹೊಸದನ್ನು ಕೂರಿಸಲು ಆಗದೇ? ಇಲ್ಲಿಂದ ಕಥೆ ಶುರುವಾಗುತ್ತದೆ.

ವಿಜಯದಶಮಿಯಂದು ಮೈಸೂರು ಅರಮನೆಯ ಬಳಿ 21 ಕುಶಾಲತೋಪು ಹಾರಿಸುವುದನ್ನು ನೀವು ನೋಡಿರಬಹುದು. ನೋಡದವರು ಕಿಟಕಿ ಗಡಗುಟ್ಟಿದ್ದನ್ನಾದರೂ ಕೇಳಿರುತ್ತೀರಿ. ಆ ಫಿರಂಗಿಗಳಿಗೆ ಬಾಯಿಯ ಕಡೆಯಿಂದ ಮದ್ದು ತುಂಬಿ, ಹಿಂಬದಿಯ ಕಿಂಡಿಗೆ ಬೆಂಕಿ ಮುಟ್ಟಿಸುತ್ತಾರೆ. ಹಳೆಯ ಕೋವಿಗಳೂ ಹೀಗೆಯೇ ಇದ್ದವು. ಹೊಗೆಯಾಡುವ ಬತ್ತಿಯನ್ನು ಕಿವಿಯ ಬಟ್ಟಲಿನ ಮದ್ದಿಗೆ ತಾಗಿಸುವುದು ಒಂದು ಕಾಲದ ಕ್ರಮ. ಆಮೇಲೆ ಬತ್ತಿಯ ಜಾಗಕ್ಕೆ ಚಕಮಕಿ ಕಲ್ಲು ಬಂತು. ಹೈದರ್, ಟಿಪ್ಪು ಕಾಲದ ಮೈಸೂರು ಸೈನ್ಯದಲ್ಲಿ ಎರಡೂ ಬಗೆಯ ಕೋವಿಗಳಿದ್ದವು. ಎರಡಕ್ಕೂ ಒಂದೇ ಕಾಯಿಲೆ: ಮಳೆ. ಬಟ್ಟಲಿನ ಮದ್ದು ನೆಂದರೆ ಕೋವಿ ದೊಣ್ಣೆಗೆ ಸಮ.

ಈ ಕಾಯಿಲೆಗೆ ಮದ್ದು ಹುಡುಕಿದವರು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್. ಬೇಟೆಯ ಹುಚ್ಚಿದ್ದ ಅವರಿಗೆ ಚಕಮಕಿಯ ಕಿಡಿ ಕಂಡೊಡನೆ ಹಕ್ಕಿ ಹಾರಿಹೋಗುವುದು ಬೇಸರ ತಂದಿತ್ತು. ಪೆಟ್ಟಿಗೆ ಸಿಡಿಯುವ ಫಲ್ಮಿನೇಟ್ ಎಂಬ ಲವಣಗಳ ಬಗ್ಗೆ ಅವರಿಗೆ ತಿಳಿದಿತ್ತು. ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ 1800ರಲ್ಲಿ ಪಾದರಸದ ಫಲ್ಮಿನೇಟ್ ಬಗ್ಗೆ ರಾಯಲ್ ಸೊಸೈಟಿಗೆ ವರದಿ ಮಾಡಿದ್ದರು. ಫೋರ್ಸಿತ್ 1807ರಲ್ಲಿ ಪೆಟ್ಟಿನಿಂದ ಹೊತ್ತಿಸುವ ಕ್ರಮಕ್ಕೆ ಪೇಟೆಂಟ್ ಪಡೆದರು. 1820ರ ದಶಕದ ಹೊತ್ತಿಗೆ ಆ ಆಸ್ಫೋಟಕ ತಾಮ್ರದ ಪುಟ್ಟ ಟೋಪಿಯೊಳಗೆ ಬಂದು ಕೂತಿತು. ಕೋವಿಯ ಹಿಂಬದಿಯ ಮೊಲೆಗೆ ಟೋಪಿ ತೊಡಿಸುವುದು, ಕುದುರೆ ಎಳೆದು ಬಿಡುವುದು. ಟೋಪಿ ಸಿಡಿದ ಕಿಡಿ ಕಿಂಡಿಯಲ್ಲಿಳಿದು ಒಳಗಿನ ಮದ್ದು ಹೊತ್ತುತ್ತದೆ. ನಮ್ಮ ಮಲೆನಾಡಿನ ಕೇಪಿನ ಕೋವಿ ಇದೇ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಹೊಸ ಕೇಪು ಬಂತೆಂದು ಯಾರೂ ಹಳೆಯ ಕೋವಿಯನ್ನು ಎಸೆಯಲಿಲ್ಲ. ಚಕಮಕಿಯ ಭಾಗ ಬಿಚ್ಚಿ, ಕಿಂಡಿಯ ಜಾಗದಲ್ಲಿ ಮೊಲೆ ಕೂರಿಸಿ, ಅದೇ ನಳಿಗೆಯನ್ನು ಹೊಸ ಬೆಂಕಿಗೆ ಒಗ್ಗಿಸಿದರು. ಸರ್ಕಾರಿ ಕಾರ್ಖಾನೆಗಳಲ್ಲೂ ಇದು ನಡೆಯಿತು, ಊರ ಕಮ್ಮಾರರ ಬಳಿಯೂ ನಡೆಯಿತು. ಮುಂದೆ ಹಿತ್ತಾಳೆಯ ಕವಚದಲ್ಲೂ ಜನ ಇದನ್ನೇ ಮಾಡಲು ಹೊರಟರು. ಆದರೆ ಕಬ್ಬಿಣದ ನಳಿಗೆ ಒಪ್ಪಿಕೊಂಡಷ್ಟು ಸುಲಭವಾಗಿ ಹಿತ್ತಾಳೆ ಒಪ್ಪಿಕೊಳ್ಳಲಿಲ್ಲ.

1857ರಲ್ಲಿ ಸಿಪಾಯಿಗಳ ಕೈಗೆ ಬಂದ ಎನ್‌ಫೀಲ್ಡ್ ರೈಫಲ್ಲು ಕೇಪಿನ ಕೋವಿಯೇ. ಅದರ ತೋಟಾ ಕಾಗದದ್ದು. ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಕಾಗದಕ್ಕೆ ಬಳಿದ ಕೊಬ್ಬು ಯಾವ ಪ್ರಾಣಿಯದು ಎಂಬ ಅನುಮಾನ ಆ ವರ್ಷದ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಎದ್ದು ಎಲ್ಲಿಗೆ ಮುಟ್ಟಿತೆಂಬುದನ್ನು ನೀವು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಒಂಬತ್ತೇ ವರ್ಷಗಳಲ್ಲಿ ಕಾಗದದ ತೋಟಾದ ಕಾಲವೇ ಮುಗಿಯಿತು. 1866ರಲ್ಲಿ ಬ್ರಿಟಿಷ್ ಸೈನ್ಯ ಜೇಕಬ್ ಸ್ನೈಡರ್ ಎಂಬ ಅಮೆರಿಕನ್ನನ ಉಪಾಯವನ್ನು ಒಪ್ಪಿಕೊಂಡಿತು. ಹಳೆಯ ಎನ್‌ಫೀಲ್ಡಿನ ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಅಲ್ಲಿ ಬದಿಗೆ ತೆರೆಯುವ ಕೀಲಿನ ಬಾಗಿಲು ಇಟ್ಟರು. ಹಿಂದೆ ಕೇಪಿನ ಮೇಲೆ ಬೀಳುತ್ತಿದ್ದ ಅದೇ ಕುದುರೆ ಈಗ ಬಾಗಿಲಿನೊಳಗಿನ ಓರೆ ಪಿನ್ನಿನ ಮೇಲೆ ಬೀಳತೊಡಗಿತು. ಕೇಪು ಕೋವಿಯನ್ನು ಬಿಟ್ಟು ತೋಟಾದ ತಳಕ್ಕೆ ಇಳಿಯಿತು.

ಸ್ನೈಡರ್ ರೈಫಲ್ಲಿಗೆ ತೋಟಾ ರೂಪಿಸಿದವರು ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್. ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ, ತಳಕ್ಕೆ ಕಬ್ಬಿಣದ ಬಿಲ್ಲೆ ಕೂರಿಸಿದ ತೋಟಾ ಅದು. ಅದರ ಕೇಪಿನ ವಿನ್ಯಾಸಕ್ಕೆ ಬಾಕ್ಸರ್ 1866ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪೇಟೆಂಟ್ ಪಡೆದರು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಎಂಜಿನಿಯರ್ ಹೈರಂ ಬರ್ಡಾನ್ ಇನ್ನೊಂದು ಬಗೆಯ ಕೇಪಿಗೆ ಪೇಟೆಂಟ್ ಪಡೆದಿದ್ದರು. ಏಳು ತಿಂಗಳ ಅಂತರದಲ್ಲಿ ಹುಟ್ಟಿದ ಈ ಎರಡು ಕೇಪುಗಳೇ ಇಂದಿಗೂ ಜಗತ್ತಿನ ತೋಟಾಗಳನ್ನು ಎರಡು ಜಾತಿಯಾಗಿ ಒಡೆದಿವೆ.

ವ್ಯತ್ಯಾಸ ಎಲ್ಲಿದೆ? ಆಸ್ಫೋಟಕ ಸಿಡಿಯಬೇಕಾದರೆ ಅದು ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿಕೊಳ್ಳಬೇಕು. ಸುತ್ತಿಗೆ ಇದ್ದರೆ ಸಾಲದು, ಅಡಿಗಲ್ಲೂ ಬೇಕು. ಇಲ್ಲಿ ಸುತ್ತಿಗೆ ಬಂದೂಕಿನ ಪಿನ್ನು. ಅಡಿಗಲ್ಲು ಎಲ್ಲಿರಬೇಕು? ಬಾಕ್ಸರ್ ಅದನ್ನು ಕೇಪಿನ ಬಟ್ಟಲೊಳಗೇ ಇಟ್ಟರು. ಬರ್ಡಾನ್ ಕವಚದ ಗೂಡಿನ ನಡುವೆ ಹಿತ್ತಾಳೆಯಲ್ಲೇ ಒಂದು ಮೊಳಕೆ ಎಬ್ಬಿಸಿ ಅದನ್ನು ಅಡಿಗಲ್ಲು ಮಾಡಿದರು. ಬಾಕ್ಸರ್ ಕ್ರಮದಲ್ಲಿ ಗೂಡಿನ ನಡುವೆ ಏನೂ ಇಲ್ಲವಾದ್ದರಿಂದ ಕಿಡಿ ಇಳಿಯಲು ಅಲ್ಲಿ ಒಂದೇ ದೊಡ್ಡ ಕಿಂಡಿ. ಬರ್ಡಾನ್ ಕ್ರಮದಲ್ಲಿ ನಡುವಿನ ಜಾಗವನ್ನು ಅಡಿಗಲ್ಲು ಹಿಡಿದಿರುವುದರಿಂದ ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಕಿಂಡಿಗಳು.

ಹೊಸ ತೋಟಾ ತಯಾರಿಸುವವರಿಗೆ ಇದು ಅಂಥ ದೊಡ್ಡ ಭೇದವಲ್ಲ. ಬರ್ಡಾನ್ ಕೇಪಿನಲ್ಲಿ ಒಂದು ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ. ಆದರೆ ಹಾರಿಸಿದ ತೋಟಾವನ್ನು ಮತ್ತೆ ಬಳಸುವವರಿಗೆ ಎಲ್ಲವೂ ಇದರ ಮೇಲೆ ನಿಂತಿದೆ. ಬಾಕ್ಸರ್ ತೋಟಾದ ಸತ್ತ ಕೇಪನ್ನು ನಡುವಿನ ಕಿಂಡಿಯ ಮೂಲಕ ಒಳಗಿನಿಂದಲೇ ತಳ್ಳಿ ಹೊರಹಾಕಬಹುದು. ಬರ್ಡಾನ್ ತೋಟಾದಲ್ಲಿ ಹಾಗೆ ತಳ್ಳಲು ಹೋದರೆ ಅಡಿಗಲ್ಲು ಅಡ್ಡ. ಕಿಂಡಿಗಳು ಪಕ್ಕದಲ್ಲಿವೆ, ಸಣ್ಣವೂ ಆಗಿವೆ.

ಆಮೇಲೆ ನಡೆದದ್ದು ತಮಾಷೆಯಾಗಿದೆ. ಇಂಗ್ಲಿಷರ ಬಾಕ್ಸರ್ ಕೇಪು ಅಮೆರಿಕಕ್ಕೆ ಹೋಗಿ ನೆಲೆಸಿತು. ಅಮೆರಿಕದ ಬರ್ಡಾನ್ ಕೇಪನ್ನು ಬ್ರಿಟನ್ನು, ಯುರೋಪಿನ ಸೈನ್ಯಗಳು ಹಿಡಿದುಕೊಂಡವು. ಇದು ಆಕಸ್ಮಿಕವಲ್ಲ. ಅಮೆರಿಕದ ಪಶ್ಚಿಮ ಬಯಲಿನಲ್ಲಿ ಅಂಗಡಿ ನೂರಾರು ಮೈಲಿ ದೂರ. ಬೇಟೆಗಾರರು, ರೈತರು ಖಾಲಿ ಕವಚಗಳನ್ನು ಜೋಪಾನ ಮಾಡಿ ತಾವೇ ಮತ್ತೆ ತುಂಬಿಕೊಳ್ಳುತ್ತಿದ್ದರು. ಅಲ್ಲಿನ ಸೈನ್ಯವೂ 1882ರಲ್ಲಿ, ಕವಚ ಮರುಬಳಕೆಗೆ ಬರಲೆಂದೇ, ಒಳಗೆ ಅಡಗಿದ್ದ ಹಳೆಯ ಬಗೆಯ ಕೇಪನ್ನು ಕೈಬಿಟ್ಟು ಹೊರಗಿನಿಂದ ಕೂರಿಸುವ ಕೇಪಿಗೆ ಬದಲಾಯಿತು. ಬ್ರಿಟಿಷ್ ಸಾಮ್ರಾಜ್ಯದ ಲೆಕ್ಕಾಚಾರ ಬೇರೆ. ಅಲ್ಲಿ ತೋಟಾ ಸರ್ಕಾರದ್ದು, ಕಾರ್ಖಾನೆ ಸರ್ಕಾರದ್ದು. ಖಾಲಿ ಕವಚ ಪ್ರಜೆಯ ಕೈಯಲ್ಲಿ ಮತ್ತೆ ಜೀವ ಪಡೆಯುವುದು ಸರ್ಕಾರಕ್ಕೆ ಬೇಕಾಗಿಯೂ ಇರಲಿಲ್ಲ.

ಭಾರತದಲ್ಲಂತೂ ಸುತರಾಂ ಬೇಕಾಗಿರಲಿಲ್ಲ. 1857ರ ಪೆಟ್ಟು ತಿಂದ ಸರ್ಕಾರ ಭಾರತೀಯ ಸಿಪಾಯಿಗಳಿಗೆ ಬಿಳಿಯ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಬಂದೂಕು ಕೊಡುವ ಪದ್ಧತಿ ಹಿಡಿಯಿತು. ಅವರು ಮಾರ್ಟಿನಿ-ಹೆನ್ರಿ ಹಿಡಿದಾಗ ಇವರಿಗೆ ಸ್ನೈಡರ್. ಅವರು .303 ಹಿಡಿದಾಗ ಇವರಿಗೆ ಮಾರ್ಟಿನಿ. ಪುಣೆಯ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು. ಆಗ ಅದರ ಹೆಸರು ಕಿರ್ಕಿ. ಅಲ್ಲಿ ತಯಾರಾದ .303 ತೋಟಾಗಳ ತಳದಲ್ಲಿ ಕೆ ಮತ್ತು ಎಫ್ ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆ ಇರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ .303 ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲ ಮೇಲಿತ್ತು. ಆ ಕಾರ್ಖಾನೆ ಇಂದಿಗೂ ಇದೆ. 2021ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಪಾಲು.

ಈ .303 ತೋಟಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬರ್ಡಾನ್ ಗೂಡಿನ ಕವಚವನ್ನು ಬಾಕ್ಸರ್ ಕೇಪು ಒಪ್ಪುವಂತೆ ಮಾರ್ಪಡಿಸಲು ಬಂದೂಕು ಹವ್ಯಾಸ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಅನೇಕರು ಪ್ರಯತ್ನಿಸಿದ್ದಾರೆ. ಅದರ ಕಷ್ಟ ಎಲ್ಲಿದೆ ಎಂಬುದು ಒಂದು ಒಳ್ಳೆಯ ಭೌತವಿಜ್ಞಾನದ ಲೆಕ್ಕ. ರೈಫಲ್ಲಿನ ದೊಡ್ಡ ಬಾಕ್ಸರ್ ಕೇಪಿನ ವ್ಯಾಸ ಸುಮಾರು 5.33 ಮಿ.ಮೀ. .303ರ ಬರ್ಡಾನ್ ಗೂಡಿನ ವ್ಯಾಸ 6.35 ಮಿ.ಮೀ. ಒಂದು ಮಿಲಿಮೀಟರ್ ದೊಡ್ಡ ಗೂಡಿನಲ್ಲಿ ಚಿಕ್ಕ ಬಟ್ಟಲು ನಿಲ್ಲುವುದಿಲ್ಲ. ಅದನ್ನು ಕಿರಿದುಮಾಡಬೇಕೆಂದರೆ ಹೊಸ ಲೋಹ ಸೇರಿಸಬೇಕು, ಅಡಿಗಲ್ಲು ಕೆತ್ತಿ ತೆಗೆಯಬೇಕು, ನಡುವೆ ಹೊಸ ಕಿಂಡಿ ಆಗಬೇಕು. ಹಾಗೆ ಸೇರಿಸಿದ ತೇಪೆ ಎಂಥ ಒತ್ತಡ ತಡೆಯಬೇಕು ಗೊತ್ತೇ?

ಗುಂಡು ಹಾರುವ ಕ್ಷಣದಲ್ಲಿ ಕವಚದೊಳಗಿನ ಒತ್ತಡ ಸುಮಾರು 3000 ವಾಯುಭಾರ, ಎಂದರೆ ಚದರ ಮಿಲಿಮೀಟರಿಗೆ ಸುಮಾರು 300 ನ್ಯೂಟನ್. 5.33 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ 22.3 ಚದರ ಮಿ.ಮೀ. ಗುಣಿಸಿ ನೋಡಿ: ಸುಮಾರು 6700 ನ್ಯೂಟನ್. ಒಂದು ಮಾರುತಿ 800 ಕಾರಿನ ತೂಕದ ಆಸುಪಾಸು. ಆ ಪುಟ್ಟ ಬಟ್ಟಲನ್ನು ಅಷ್ಟು ಬಲ ಹಿಂದಕ್ಕೆ ನೂಕುತ್ತದೆ. 6.35 ಮಿ.ಮೀ. ಗೂಡಾದರೆ 9500 ನ್ಯೂಟನ್, ಹೆಚ್ಚುಕಡಿಮೆ ಒಂದು ಟನ್. ಬಟ್ಟಲನ್ನು ಹಿಂದಿನಿಂದ ತಡೆಯುವುದು ಬಂದೂಕಿನ ಉಕ್ಕಿನ ಬೋಲ್ಟು. ಪಕ್ಕದಿಂದ ಅನಿಲ ಸೋರದಂತೆ ಹಿಡಿಯುವುದು ಮಾತ್ರ ಹಿತ್ತಾಳೆಯ ಗೂಡಿನ ಗೋಡೆ. ಅಲ್ಲೊಂದು ಕೂದಲೆಳೆಯ ಸಂದಿದ್ದರೂ ಸುಡುವ ಅನಿಲ ಹಿಂದಕ್ಕೆ ನುಗ್ಗುತ್ತದೆ. ಬಂದೂಕು ಹಿಡಿದವನ ಕಣ್ಣು ಆ ಬೋಲ್ಟಿನಿಂದ ಗೇಣುದ್ದದಲ್ಲಿ ಇರುತ್ತದೆ. ವಿದ್ಯಾರ್ಥಿಗಳಿಗೆ ಈ ಲೆಕ್ಕ ಮಾಡಿಸಿದರೆ, ಗುಜರಿಯಲ್ಲಿ ಸಿಕ್ಕ ತೋಟಾ ಮುಟ್ಟಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಅಳತೆಯ ತೊಂದರೆ ಕಣ್ಣಿಗೆ ಕಾಣುತ್ತದೆ. ಕಾಣದ ತೊಂದರೆ ಹಿತ್ತಾಳೆಯೊಳಗಿದೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಇದೇ.

ಪಾದರಸದ ಫಲ್ಮಿನೇಟ್ ಸಿಡಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೊಜನ್ ಅನಿಲವಾಗಿ ಹೋಗುತ್ತವೆ. ಪಾದರಸ ಲೋಹವಾಗಿಯೇ ಬಿಡುಗಡೆಯಾಗುತ್ತದೆ. ಪಾದರಸದ ಪರಮಾಣು ತೂಕ ಸುಮಾರು 200.6. ಅದಕ್ಕೆ ಅಂಟಿದ ಎರಡು ಫಲ್ಮಿನೇಟ್ ಗುಂಪುಗಳ ತೂಕ ಒಟ್ಟು 84. ಅಲ್ಲಿಗೆ ಫಲ್ಮಿನೇಟಿನ ಶೇಕಡ 70 ಭಾಗ ಪಾದರಸವೇ ಆಯಿತು. ಚಿನ್ನದ ಬಳೆಗೆ ಪಾದರಸ ತಾಗಿದರೆ ಏನಾಗುತ್ತದೆ ಎಂಬುದು ಅಕ್ಕಸಾಲಿಗರಿಗೆ ಗೊತ್ತು. ಹಿತ್ತಾಳೆಗೂ ಅದೇ ಗತಿ. ಹಿತ್ತಾಳೆ ಎಂದರೆ ತೋಟಾದ ಮಟ್ಟಿಗೆ 70 ಪಾಲು ತಾಮ್ರ, 30 ಪಾಲು ಸತು. ಅದು ಸಣ್ಣ ಸಣ್ಣ ಹರಳುಗಳಿಂದ ಕೂಡಿದೆ. ಪಾದರಸ ಹರಳುಗಳ ನಡುವಿನ ಗಡಿಗಳಲ್ಲಿ ಇಳಿದು, ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯನ್ನು ಕರಗಿಸಿದಂತೆ ಮಾಡುತ್ತದೆ. ಕವಚ ಹೊರಗೆ ಹೊಸದರಂತೆ ಹೊಳೆಯುತ್ತಿರುತ್ತದೆ. ಮುಂದಿನ ಒತ್ತಡಕ್ಕೆ ಬಳೆಯ ಚೂರಿನಂತೆ ಒಡೆಯುತ್ತದೆ.

ಹಾಗಿದ್ದರೆ 1880ರ ದಶಕದಲ್ಲಿ ಅಮೆರಿಕದವರು ಹೇಗೆ ಮತ್ತೆ ಮತ್ತೆ ತುಂಬುತ್ತಿದ್ದರು? ಆಗ ಬಳಕೆಯಲ್ಲಿದ್ದದ್ದು ಕಪ್ಪು ಮದ್ದು. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಮಸಿಯಾಗಿ, ಲವಣವಾಗಿ ಉಳಿಯುತ್ತದೆ. ಆ ಮಸಿಯೇ ಪಾದರಸವನ್ನು ಹೀರಿಕೊಂಡು ಹಿತ್ತಾಳೆಯನ್ನು ಕಾಪಾಡುತ್ತಿತ್ತು. ಕವಚ ತೊಳೆದರೆ ಎರಡೂ ಹೋಗುತ್ತಿದ್ದವು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಈ ಕವಚಕ್ಕೆ ಕವಚ ಇಲ್ಲವಾಯಿತು. ಮಸಿ ಇಲ್ಲ, ಒತ್ತಡ ಹೆಚ್ಚು, ಪಾದರಸ ನೇರವಾಗಿ ಹಿತ್ತಾಳೆಗೆ. ಮತ್ತೆ ತುಂಬಿದ ಕವಚಗಳು ಒಡೆಯತೊಡಗಿದವು. ಅಮೆರಿಕದ ಫ್ರಾಂಕ್‌ಫರ್ಡ್ ಆರ್ಸೆನಲ್ 1898ರ ಸುಮಾರಿಗೆ ಪಾದರಸವನ್ನು ಕೈಬಿಟ್ಟು ಪೊಟ್ಯಾಸಿಯಂ ಕ್ಲೋರೇಟ್ ಆಧಾರದ ಕೇಪಿಗೆ ಬಂತು.

ಹಿತ್ತಾಳೆ ಉಳಿಯಿತು, ಈಗ ಉಕ್ಕಿಗೆ ಬಂತು ಕುತ್ತು. ಕ್ಲೋರೇಟ್ ತನ್ನ ಆಕ್ಸಿಜನ್ ಕೊಟ್ಟ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಒಂದು ಗ್ರಾಂ ಕ್ಲೋರೇಟಿಗೆ ಸುಮಾರು 0.61 ಗ್ರಾಂ ಕ್ಲೋರೈಡ್. ಇದು ನಮ್ಮ ಅಡಿಗೆ ಉಪ್ಪಿನ ಅಣ್ಣತಮ್ಮ. ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರೊಡೆಯುವಂತೆ ಇದೂ ತೇವ ಹೀರಿ ನಳಿಗೆಯನ್ನು ತುಕ್ಕು ಹಿಡಿಸುತ್ತದೆ. ಎಣ್ಣೆ ಹಚ್ಚಿದರೂ ಎಣ್ಣೆಯ ಕೆಳಗೇ ತುಕ್ಕು. ಬಹುಕಾಲ ಇದು ಮದ್ದಿನ ಆಮ್ಲದ ಕೆಲಸವೆಂದು ತಿಳಿದಿದ್ದರು. ಅಮೆರಿಕದ ಗಣಿ ಬ್ಯೂರೋದ ಹಫ್ 1922ರಲ್ಲಿ ಪ್ರಕಟಿಸಿದ ಅಧ್ಯಯನ ನಿಜವಾದ ಕಳ್ಳ ಕೇಪಿನ ಉಪ್ಪು ಎಂದು ತೋರಿಸಿತು. ಪರಿಹಾರ ಗೊತ್ತಾದರೆ ನಗು ಬರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮೊದಲು ನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಕುದಿನೀರು ಹುಯ್ದು ನಳಿಗೆ ತೊಳೆಯುತ್ತಿದ್ದ ಹಳೆಯ ಸಿಪಾಯಿಗಳು ಕಾರಣ ತಿಳಿಯದೆಯೇ ಸರಿಯಾದ ಕೆಲಸ ಮಾಡುತ್ತಿದ್ದರು. 1920ರ ದಶಕದ ಕೊನೆಗೆ ಜರ್ಮನಿಯಲ್ಲಿ ಸೀಸದ ಸ್ಟಿಫ್ನೇಟ್ ಆಧಾರದ ಕೇಪು ಬಂದು ಪಾದರಸ, ಕ್ಲೋರೇಟ್ ಎರಡರ ಕಾಟವನ್ನೂ ತಪ್ಪಿಸಿತು. ಸೀಸದ ವಿಷ ಮಾತ್ರ ಉಳಿಯಿತು. ಒಳಾಂಗಣ ಷೂಟಿಂಗ್ ರೇಂಜುಗಳಲ್ಲಿ ಗಾಳಿಯ ಬಗ್ಗೆ ಇಂದು ಎಚ್ಚರ ವಹಿಸುವುದು ಈ ಕಾರಣಕ್ಕೂ ಹೌದು.

ಬ್ರಿಟಿಷರ .303 ಕೇಪಿನಲ್ಲಿ ಬಹುಕಾಲ ಫಲ್ಮಿನೇಟ್, ಕ್ಲೋರೇಟ್ ಎರಡೂ ಇದ್ದವು. ಗೂಡು ಬರ್ಡಾನ್ ಜಾತಿ. ಒಳಗಿನ ಮದ್ದು ಕಾರ್ಡೈಟ್, ಶ್ಯಾವಿಗೆಯಂಥ ಕಡ್ಡಿಗಳ ಕಟ್ಟು. ಆ ಕಟ್ಟನ್ನು ಮೊದಲು ಒಳಗಿಟ್ಟು ಆಮೇಲೆ ಕವಚದ ಕತ್ತನ್ನು ಕಿರಿದುಮಾಡುತ್ತಿದ್ದರು. ಎಂದರೆ ಕತ್ತು ಕಿರಿದಾದ ಖಾಲಿ ಕವಚಕ್ಕೆ ಆ ಮದ್ದನ್ನು ಹಾಗೆಯೇ ತಿರುಗಿ ತುಂಬುವಂತಿಲ್ಲ. ಮರುಬಳಕೆಗೆ ಇದಕ್ಕಿಂತ ಹೊಂದದ ತೋಟಾ ಬೇಕೆಂದು ಹುಡುಕಿದರೂ ಸಿಗಲಿಕ್ಕಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ತಯಾರಾದ .303 ತೋಟಾಗಳಲ್ಲಿ ಬಾಕ್ಸರ್ ಕೇಪು ಇತ್ತು. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ. ಒಳಗೆ ಇಣುಕಿ ಕಿಂಡಿ ಒಂದೋ ಎರಡೋ ಎಂದು ನೋಡಿದಾಗಲೇ ಜಾತಿ ತಿಳಿಯುವುದು.

ಕೇಪನ್ನು ಬಿಟ್ಟು ಕವಚಕ್ಕಷ್ಟೇ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ನಮ್ಮ ದೇಶದಲ್ಲೇ ಕಂಡುಬಂದದ್ದು. ಮಳೆಗಾಲದಲ್ಲಿ ಕವಾಯತು ಕಡಿಮೆಯಾದಾಗ ಬ್ರಿಟಿಷ್ ಸೈನ್ಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದರೆ ಎಷ್ಟೋ ತೋಟಾಗಳ ಕತ್ತಿನಲ್ಲಿ ಬಿರುಕು. ಹಾರಿಸಿದವಲ್ಲ, ಹೊಸವು! ಇದಕ್ಕೆ ಋತುಬಿರುಕು ಎಂದೇ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಲೋಹವಿಜ್ಞಾನಿಗಳು ಕಾರಣ ವಿವರಿಸಿದರು. ಕುದುರೆಯ ಗಂಜಳದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ತಾಮ್ರದೊಡನೆ ಸಂಯೋಜನೆಗೊಳ್ಳುತ್ತದೆ. ಅದೊಂದೇ ಇದ್ದರೆ ಬಿರುಕಿಲ್ಲ. ಗುಂಡನ್ನು ಬಿಗಿಹಿಡಿಯಲು ಕತ್ತನ್ನು ಹಿಸುಕಿದಾಗ ಲೋಹದಲ್ಲಿ ಉಳಿದುಹೋದ ಬಿಗಿತವೂ ಸೇರಬೇಕು. ರಾಸಾಯನಿಕ ಮತ್ತು ಬಿಗಿತ ಎರಡೂ ಸೇರಿದರೆ ಹರಳುಗಳ ಗಡಿಯಲ್ಲಿ ಬಿರುಕು ಓಡುತ್ತದೆ. ಕವಚವನ್ನು ಹದವಾಗಿ ಕಾಯಿಸಿ ಬಿಗಿತ ಬಿಡಿಸಿದರೆ ರೋಗ ಹೋಗುತ್ತದೆ. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಇದೇ ತತ್ತ್ವದ ಮೇಲೆ. ಬಡಿದ ಲೋಹ ಬಿರುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಹಾರಿಸಿದ ಕವಚ ಪ್ರತಿ ಸಲವೂ ಉಬ್ಬಿ ಕುಗ್ಗಿ ಬಡಿದ ಲೋಹದಂತೆ ಬಿರುಸಾಗಿರುತ್ತದೆ ಎಂಬುದನ್ನು ಮೇಲಿನ ಪಟ್ಟಿಗೆ ಸೇರಿಸಿಕೊಳ್ಳಿ.

ಇಷ್ಟೆಲ್ಲ ಅಡ್ಡಿಗಳಿದ್ದರೂ ಜನ ಬಿಡಲಿಲ್ಲ. ವಾಯವ್ಯ ಗಡಿಯ ಕೊಹಾಟ್ ಕಣಿವೆಯಲ್ಲಿ ದರ್ರಾ ಎಂಬ ಊರಿದೆ. ಅಲ್ಲಿನ ಆದಂ ಖೇಲ್ ಅಫ್ರೀದಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬ್ರಿಟಿಷ್ ಬಂದೂಕುಗಳನ್ನು ಕೈಯಿಂದಲೇ ನಕಲು ಮಾಡುತ್ತಿದ್ದರು. ಬ್ರಿಟಿಷರು ಹಾರಿಸಿ ಬಿಟ್ಟ ಖಾಲಿ ಕವಚಗಳನ್ನು ಹೆಕ್ಕಿ ಮತ್ತೆ ತುಂಬುತ್ತಿದ್ದರು. ಸಾಮ್ರಾಜ್ಯದ ಕಾರ್ಖಾನೆಯ ಹಿತ್ತಾಳೆ ಸಾಮ್ರಾಜ್ಯದ ಸೈನಿಕನ ಕಡೆಗೇ ತಿರುಗಿ ಬರುತ್ತಿತ್ತು. ಗಡಿಯ ಪಡೆಗಳಿಗೆ ಒಂದೊಂದು ಖಾಲಿ ತೋಟಾವೂ ಲೆಕ್ಕಕ್ಕೆ ಬರಬೇಕಾದದ್ದು ಹೀಗೆ. ಅಭ್ಯಾಸದ ಬಯಲಿನಲ್ಲಿ ಖಾಲಿ ತೋಟಾ ಹೆಕ್ಕಿಸಿ ಎಣಿಸುವ ಪದ್ಧತಿಯ ಹಿಂದೆ ಹಿತ್ತಾಳೆಯ ಬೆಲೆ ಇದೆ, ಅದರ ಜೊತೆಗೆ ಈ ಭಯವೂ ಇದೆ.

ಕನ್ನಡ ನಾಡಿನಲ್ಲಿ ಇದಕ್ಕೆ ಎದುರಾದ ಚಿತ್ರವೊಂದಿದೆ. 1857ರ ನಂತರ ದೇಶಾದ್ಯಂತ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ರೂಪ ಬದಲಿಸಿಕೊಂಡು ಇಂದಿಗೂ ನಡೆದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂವಿನ ಅಲಂಕಾರ ಮಾಡಿ ಪೂಜಿಸುವ ಮನೆಗಳಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎರಡನ್ನೂ ಅಕ್ಕಪಕ್ಕ ಕಾಣಬಹುದು. ಬೆಂಕಿ ಕೋವಿಯ ಹೊರಗಿನಿಂದ ತೋಟಾದ ಒಳಗೆ ಇಳಿದ ಇತಿಹಾಸ ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ತೋಟಾ ತಯಾರಿಸಲು ಯಾರಿಗೂ ಸಲೀಸಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿ ಶಿಕ್ಷೆಯನ್ನು ಇನ್ನೂ ಬಿಗಿಮಾಡಿದೆ.

ಖಾಲಿ ತೋಟಾ ಎಣಿಸಲು ಇನ್ನೂ ಒಂದು ಕಾರಣ ಉಂಟು. ಪಿನ್ನು ಕೇಪಿನ ಮೆದು ಲೋಹದ ಮೇಲೆ ಬಿದ್ದಾಗ ತನ್ನ ತುದಿಯ ಗೀರು, ಗಂಟುಗಳನ್ನೆಲ್ಲ ಅಲ್ಲಿ ಅಚ್ಚೊತ್ತುತ್ತದೆ. ಒತ್ತಡಕ್ಕೆ ಹಿಂದೆ ಸರಿದ ಕವಚದ ತಳ ಬೋಲ್ಟಿನ ಮುಖದ ಗುರುತುಗಳನ್ನೂ ಹೊತ್ತು ತರುತ್ತದೆ. ಎರಡು ಖಾಲಿ ತೋಟಾಗಳನ್ನು ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟರೆ ಅವು ಒಂದೇ ಬಂದೂಕಿನವೇ ಎಂದು ತಜ್ಞರು ಹೇಳಬಲ್ಲರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡೇಟಿಗೆ ಬಲಿಯಾದರು. ಎರಡೂ ಸ್ಥಳಗಳಲ್ಲಿ ಸಿಕ್ಕ ಗುಂಡು, ಖಾಲಿ ತೋಟಾಗಳು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನವು ಎಂದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಎರಡು ವರ್ಷಗಳ, ನಾನೂರು ಕಿಲೊಮೀಟರುಗಳ ಅಂತರದ ಎರಡು ಕೊಲೆಗಳನ್ನು ತನಿಖೆಯಲ್ಲಿ ಜೋಡಿಸಿದ್ದರಲ್ಲಿ ಬೆರಳ ತುದಿಗಿಂತ ಕಿರಿದಾದ ಲೋಹದ ಬಿಲ್ಲೆಗಳ ಪಾಲೂ ಇತ್ತು.

ಹುಡುಗನಿಗೆ ಉಳಿದ ಅರ್ಧ ಉತ್ತರವನ್ನು ಹೋದ ವಾರ ಹೇಳಿದೆ. ಮಾರುತಿ ಕಾರಿನ ಲೆಕ್ಕ ಅವನಿಗೆ ಹಿಡಿಸಿತು, ತಾನೇ ಕಾಗದದ ಮೇಲೆ ಮಾಡಿ ನೋಡಿದ. ಶಿಬಿರದಲ್ಲಿ ಅರ್ಧ ಗಂಟೆ ಹುಡುಕಿಸಿದ ಆ ಒಂದು ತೋಟಾ ಕೊನೆಗೆ ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿತಂತೆ. ಅವನದೇ ಕ್ಯಾನ್ವಾಸ್ ಶೂವಿನೊಳಗೆ ಬಿದ್ದಿತ್ತಂತೆ.